ಎರಡು ಹೊಳಿ ಕಾಣೂ ಕಿಡಕಿ

ಈಗೀಗ ನನಗೊಂದು ಚಟ ಹತ್ತ್ಯದ. ಎಲ್ಲಿಗರೆ ಹೋಗೂದಿತ್ತಂದ್ರ ಮೊದಲು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಮುಂದ ಹೋಗಿ ನಿಲ್ಲತೀನಿ. ಅರಿವಿ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದು ಅದು. ಮ್ಯಾಲೆ ಲಕ್ಷ್ಮೀ ಕುಂತಾಳ, ಕೆಳಗ ಚೌಕ ಚೌಕ ಮನಿ, ಒಂದೊಂದು ಮನ್ಯಾಗ ಇರುವಿಯಂಥ ಅಕ್ಷರ. ಬೊಟ್ಟು ಇಟ್ಟು ಒಂದೊಂದೇ ಕೂಡಿಸಿ ಓದತೀನಿ. ಏ, ಕಾ, ದ, ಶಿ ಅಂತ ಬಂತೋ, ಅವತ್ತು ಹೋಗಂಗಿಲ್ಲ.

ಮಗಳು ರೇಣವ್ವ ನಗ್ತಾಳ. "ಯವ್ವಾ, ಕುರುಬರಿಗೆ ಯಾವ ಏಕಾದಶಿಬೇ? ಮುಂಜಾನೆದ್ದು ಮೂರು ರೊಟ್ಟಿ ತಿಂದು ನಿಂತೀದಿ" ಅಂತಾಳ.

ತಿಂದೀನಿ, ಇಲ್ಲನ್ನಂಗಿಲ್ಲ. ಏಕಾದಶಿ ನನಗಲ್ಲ, ಎದುರು ಮನಿ ಸುಭದ್ರಾಬಾಯಾರಿಗೆ. ನಾ ಎಲ್ಲಿಗೆ ಹೋದ್ರೂ ಬಾಯಾರನ್ನ ಬಿಟ್ಟು ಹೋಗಂಗಿಲ್ಲ, ಅದಕ್ಕ ನೋಡಬೇಕಾಗ್ತದ. ಒಮ್ಮೆ ನೋಡಲಾರದ ಹೋಗಿ ಏನಾತು ಅನ್ನೂದನ್ನ ಹೇಳತೀನಿ, ಕೂಡ್ರಿ.

ನಮ್ಮವ್ವ ನಮ್ಮಪ್ಪ ದಿನ ಎಣಿಸೂ ರೀತಿನೇ ಬ್ಯಾರೆ ಇತ್ತು. ಅಮಾಸಿ, ಹುಣ್ಣಿವಿ, ಸಂತಿ. ಇವು ಮೂರು ಗೊತ್ತಿದ್ದರ ಕುರಿಗೆ ಸಾಕು, ಕುರಿ ಕಾಯೋರಿಗೂ ಸಾಕು. ಅಮಾಸಿ ದಿನ ಹಟ್ಟಿ ಕಿತ್ತು ಬ್ಯಾರೆ ಹೊಲಕ್ಕ ಹೋಗಬಾರದು, ಸಂತಿ ದಿನ ಮನ್ಯಾಗ ಕುಂಡ್ರಬಾರದು. ಉಳದ ದಿನ ಎಲ್ಲಾ ಒಂದೇ. ಅಮಾಸಿಗೂ ಹುಣ್ಣಿವಿಗೂ ನಡುವ ದೇವರು ಮತ್ತೊಂದು ದಿನ ಹುಗಿದಿಟ್ಟಾನ ಅನ್ನೂದು ನನಗ ಬಾಯಾರು ಸಿಗೂತನ ಗೊತ್ತಿರಲಿಲ್ಲ.

ಬಾಯಾರು ವೈಷ್ಣವರು. ಮಾನ್ವ್ಯಾಗ ಸಾಲಿ ಕಲಿಸಿ ರಿಟೈರ್ ಆಗಿ, ಈಗ ರಾಯಚೂರಾಗ ಮಗ ಸೊಸಿ ಜೋಡಿ ಇರ್ತಾರ. ನಾನು ಜಾಲಹಳ್ಳಿ ಕಡೆಯಾಕಿ. ಹುಟ್ಟಿದ್ದು ಕುರಿ ಹಟ್ಟ್ಯಾಗ, ಬೆಳದದ್ದು ಕುರಿ ಹಿಂದ. ಮೊಣಕಾಲು ಕೈ ಕೊಟ್ಟ ಮ್ಯಾಲೆ ಮಗಳ ಮನಿಗೆ ಬಂದು ಬಿದ್ದೀನಿ. ಬರೂವಾಗ ಬಂಗಾರ ತರಲಿಲ್ಲ, ಬೆಳ್ಳಿ ತರಲಿಲ್ಲ, ಒಂದು ಆಡು ಹಿಡಕೊಂಡು ಬಂದೆ. ಬಂದ ವಾರದಾಗನೇ ಆ ಆಡು ಹಗ್ಗ ಹರಕೊಂಡು ಹೋಗಿ ಬಾಯಾರ ಕಟ್ಟಿ ಮ್ಯಾಲಿನ ತುಳಸಿ ಬುಡಮಟ ತಿಂದು ಬಂತು. ಬಾಯಾರು ನಮ್ಮ ಬಾಗಲಿಗೆ ಬಂದ್ರು. ಜಗಳಕ್ಕ ಬಂದಾರಂತ ನಾ ಸೆರಗು ಸೊಂಟಕ್ಕ ಸಿಗಿಸಿ ತಯಾರಾಗಿ ನಿಂತೆ.

"ಏನವಾ, ನಿನ್ನ ಆಡಿಗೆ ವೈಕುಂಠ ಗ್ಯಾರಂಟಿ ಆತು. ನನಗ ನಾಳೆ ಪೂಜಾಕ್ಕ ಏನು ಮಾಡ್ಲಿ?" ಅಂದ್ರು.

ನಾ ಬೈಗುಳ ಇಷ್ಟು ಬಾಯಾಗ ತುಂಬಿಕೊಂಡು ನಿಂತಾಕಿ, ಎಲ್ಲಾ ನುಂಗಿ ನಕ್ಕುಬಿಟ್ಟೆ. ಮರುದಿನ ತುಳಸಿ ಸಸಿ ತಂದುಕೊಟ್ಟೆ. ಅಷ್ಟೇ, ಅವತ್ತಿಂದ ಹತ್ತಿದ್ದು ಬಿಟ್ಟಿಲ್ಲ.

ನನಗ ಅಕ್ಷರ ಕಲಿಸಿದಾಕೀನೂ ಇದೇ ಪುಣ್ಯಾತ್ಗಿತ್ತಿ. ಅದೂ ಒಂದು ಫಜೀತಿಯಿಂದನೇ ಆತು. ಒಂದ್ಸಲ ದೇವದುರ್ಗ ಬಸ್ ಅಂತ ಹತ್ತಿ ಕುಂತೆ. ಕಂಡಕ್ಟರ್ "ಮಾನ್ವಿ ಇಳೀರಿ" ಅಂತ ಒದರಿದಾಗನೇ ನನಗ ಎಚ್ಚರ. ಮಾನ್ವಿ ಸ್ಟ್ಯಾಂಡಿನಾಗ ಮಿರ್ಚಿ ತಿಂದು, ಅಲ್ಲೇ ನಿಂತ ಬಸ್ಸಿಗೆ ಹತ್ತಿ ಮನಿಗೆ ಬಂದೆ. ಯಾರಿಗೂ ಹೇಳಬಾರದಂತ ಇದ್ದೆ, ಬಾಯಿ ಎಲ್ಲಿ ಸುಮ್ಮನಿರ್ತದ. ಬಾಯಾರು ಕೇಳಿ, ಅಕ್ಕಿ ಹಸನ ಮಾಡೂ ಮೊರದಾಗ, ಅಕ್ಕಿ ಮ್ಯಾಲೇ ಬೊಟ್ಟಿಲೆ ಎರಡು ಅಕ್ಷರ ಬರದ್ರು.

"ನೋಡು ಮಾಳವ್ವ, ಇದು 'ದೇ'. ಇದು 'ಮಾ'. 'ದೇ' ಕಂಡ್ರ ಹತ್ತು. 'ಮಾ' ಕಂಡ್ರ ಮಿರ್ಚಿ ತಿನ್ನೂದಿದ್ರ ಹತ್ತು."

ಹಂಗ ಎರಡು ಅಕ್ಷರದಿಂದ ಸುರುವಾತು. ಅಕ್ಕಿ ಹಸನ ಮಾಡಿ ಮಾಡಿ ಆ ಮನ್ಯಾಗ ಒಂದು ಹಳ್ಳು ಉಳಿಲಿಲ್ಲ, ನನಗ ಅಕ್ಷರ ಬಂದವು. ಇನ್ನೂ ಒತ್ತಕ್ಷರ ಬಂದ್ರ ಮುಗ್ಗರಸತೀನಿ.

ಇನ್ನ ಗುಡ್ಡದ ಮಾತಿಗೆ ಬರೂನು. ನಮ್ಮ ಊರಿಂದ ಒಂದು ಹರದಾರಿ ದೂರ ಒಂದು ಗುಡ್ಡ ಅದ. ಅದಕ್ಕ ಏನರೆ ಹೆಸರಿದ್ದಿರಬೇಕು, ನಾವೆಲ್ಲ ಬಂಗ್ಲೇ ಗುಡ್ಡ ಅಂತೀವಿ. ನೆತ್ತಿ ಮ್ಯಾಲೆ ನಿಜಾಮನ ಕಾಲದ್ದೊಂದು ಮಾಳಗಿ ಬಂಗ್ಲೆ. ಸಾಹೇಬರು ಬ್ಯಾಸಗ್ಯಾಗ ತಂಪಿಗೆ ಬಂದು ಇರಾಕ ಕಟ್ಟಿಸಿದ್ದಂತ. ರಾಯಚೂರು ಸೀಮ್ಯಾಗ ತಂಪು ಹುಡುಕಿಕೊಂಡು ಗುಡ್ಡ ಹತ್ತೋರಿಗೆ ಏನನ್ನಬೇಕೋ. ಸೂರ್ಯಗ ಇನ್ನಾ ಸಮೀಪ ಹೋದಂಗಾತು. ಆದರ ಗಾಳಿ ಇರ್ತಿತ್ತು ಅಂತಿದ್ಲು ನಮ್ಮವ್ವ.

ಅವ್ವಗ ಹ್ಯಾಂಗ ಗೊತ್ತು ಅಂದ್ರ, ಆಕಿ ಆ ಬಂಗ್ಲೆಗೆ ನೀರು ಹೊರತಿದ್ಲು. ಬಾವಿ ಕೆಳಗ, ಬಂಗ್ಲೆ ಮ್ಯಾಲೆ. ತಲಿ ಮ್ಯಾಲೊಂದು ಕೊಡ, ಬಗಲಾಗೊಂದು ಕೊಡ. ಹಿತ್ತಲಾಗಿನ ಹೌದಿಗೆ, ಅಂದ್ರ ನೀರಿನ ತೊಟ್ಟಿಗೆ, ಹುಯ್ಯೂದು, ಮತ್ತ ಇಳಿಯೂದು. ನಿಜಾಮ ಹೋದ, ಸಾಹೇಬರು ಹೋದ್ರು, ಇಂಜಿನಿಯರ್ ಸಾಹೇಬರು ಬರಾಕ ಹತ್ತಿದ್ರು. ಯಾರು ಬಂದ್ರೂ ನೀರು ಕುಡಿಯೋರೇ, ಅವ್ವನ ಕೆಲಸ ತಪ್ಪಲಿಲ್ಲ. ನಾ ಹುಟ್ಟಿ ತಿಳುವಳಿಕಿ ಬರೂವಾಗಲೂ ಹೊರಾಕತ್ತಿದ್ಲು. ಅಡಗಿ ಮಾಡೂ ಖಾನಸಾಮಾ ಒಬ್ಬ ಮುದುಕ, ಒಳ್ಳೆ ಮನಷ್ಯಾ. ಸಾಹೇಬರು ತಿಂದು ಬಿಟ್ಟ ಡಬಲ್ ರೊಟ್ಟಿ ತುಣುಕು ಅವ್ವಗ ಕೊಡತಿದ್ದ. ಆಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತರತಿದ್ಲು. ಬೆವರಿನ ಉಪ್ಪು ಹತ್ತಿ ಆ ರೊಟ್ಟಿ ಎಷ್ಟು ರುಚಿ ಆಗಿರ್ತಿತ್ತು ಅಂದ್ರ, ಆಮ್ಯಾಲೆ ರಾಯಚೂರು ಬೇಕರಿಯಾಗ ಎಷ್ಟು ಸಲ ತಿಂದ್ರೂ ನನಗ ಸಪ್ಪಗನೇ ಅನಸ್ತದ.

ಆ ಖಾನಸಾಮಾನೇ ಒಮ್ಮೆ ಅವ್ವಗ ಅಂದಿದ್ದ. "ಹನುಮವ್ವ, ಮ್ಯಾಲಿನ ಖೋಲ್ಯಾಗ ಒಂದು ಕಿಡಕಿ ಅದ. ಅಲ್ಲಿ ನಿಂತ್ರ ಎಡಕ್ಕ ಕೃಷ್ಣಾ, ಬಲಕ್ಕ ತುಂಗಭದ್ರಾ. ಎರಡೂ ಹೊಳಿ ಒಮ್ಮೆಗೇ ಕಾಣತಾವ" ಅಂತ.

ಅವ್ವ ಒಳಗ ಕಾಲಿಟ್ಟಾಕಿ ಅಲ್ಲ. ಹಿತ್ತಲ ಹೌದೇ ಆಕಿ ಸೀಮಿ. ಆದರ ಈ ಮಾತು ಆಕಿ ಮನಸ್ಸಿಗೆ ಎಷ್ಟು ಚಂದ ಕಂಡಿತ್ತಂದ್ರ, ಬಾವಿ ಕಟ್ಟಿ ಮ್ಯಾಲೆ ಹೆಂಗಸರ ಮುಂದ ಹೇಳಿದ್ಲು. ಹೆಂಗಸರು ಬಿಡ್ತಾರೇನು? "ನೀ ನೋಡೀಯೇನಬೇ?" ಅಂದ್ರು. 'ಹಂಗಂತಾರ' ಅಂದಿದ್ದರ ಮುಗೀತಿತ್ತು. ದಿನಾ ಆ ಗುಡ್ಡ ಹತ್ತಿ ಇಳಿಯಾಕಿ ನಾ, ಒಳಗ ಹೋಗಿಲ್ಲಂತ ಹ್ಯಾಂಗ ಹೇಳಲಿ ಅನಿಸಿರಬೇಕು. "ನೋಡೀನಿ" ಅಂದುಬಿಟ್ಲು.

ತಗೋರಿ. ಊರಾಗ ಆಕಿ ಹೆಸರು ಎರಡ್ಹೊಳಿ ಹನುಮವ್ವ ಅಂತನೇ ಆತು. ಯಾರರೆ ಬಡಾಯಿ ಕೊಚ್ಚಿದ್ರ "ಹೂಂ, ಇಂವಗೂ ಎರಡು ಹೊಳಿ ಕಂಡಾವ" ಅನ್ನೂದು. ನಾವು ಹುಡುಗರು ಆಡಾಕ ಹೋದ್ರ "ಏ ಎರಡ್ಹೊಳಿ ಮಗಳ" ಅನ್ನೂದು. ಅದಕ್ಕ ನಾ ಒಬ್ಬ ಹುಡುಗಿ ಹಲ್ಲು ಮುರಿದು ಬಂದೀನಿ. ಹಾಲಹಲ್ಲು, ಹೆಂಗೂ ಬೀಳೂದಿತ್ತು. ಒಮ್ಮೆ ಕುರಿ ಬಿಟ್ಟು ಗುಡ್ಡ ಹತ್ತಿ ನೋಡಿಯೂ ಬಂದೆ. ಸುತ್ತ ದೊಡ್ಡ ದೊಡ್ಡ ಬಂಡಿಗಲ್ಲು ಅಡ್ಡ ನಿಂತಾವ, ಕೆಳಗಿಂದ ಏನೂ ಕಾಣಂಗಿಲ್ಲ. ಮಾಳಗಿ ಎತ್ತರಕ್ಕ ಹೋದ್ರನೇ ಕಾಣಬೇಕು. ಬಾಗಲಿಗೆ ಕೀಲಿ. ಇಳದು ಬಂದ್ರ ಅಪ್ಪನ ಕೈಲಿ ಏಟು, ಎರಡು ಕುರಿ ಜ್ವಾಳದ ಹೊಲ ಹೊಕ್ಕಿದ್ವು.

ಅವ್ವ ಸಾಯೂತನ ಆ ಹೆಸರು ಹೋಗಲಿಲ್ಲ. ಆಕಿನೂ ಒಮ್ಮೆಯೂ ಮಾತು ತಿರುಗಿಸಲಿಲ್ಲ. ಸುಳ್ಳು ಹೇಳಿದ್ದು ನನಗೊಬ್ಬಾಕಿಗೆ ಹೇಳ್ಯಾಳ, ಅದೂ ಹಾಸಿಗಿ ಹಿಡದಾಗ. "ನಾ ನೋಡಿಲ್ಲ ಮಾಳಿ. ಆದ್ರ ಖಾನಸಾಮಾ ಸುಳ್ಳು ಹೇಳೂ ಮನಷ್ಯಾ ಅಲ್ಲ" ಅಂದ್ಲು. ಈಗ ಯೋಚನಿ ಮಾಡ್ರಿ. ಕಿಡಕ್ಯಾಗ ಎರಡು ಹೊಳಿ ಕಂಡ್ರ ನಮ್ಮವ್ವ ನೋಡಲಾರದ ಖರೇ ಹೇಳಿದಂಗಾತು. ಕಾಣಲಿಲ್ಲಂದ್ರ ಆಕಿ ಸುಳ್ಳೀನೇ ಆದ್ಲು. ಇದೊಂದು ಇತ್ಯರ್ಥ ಮಾಡಿಕೊಳ್ಳಲಾರದ ನಾ ಸಾಯಬಾರದಂತ ಇತ್ತು ನನಗ. ಬ್ಯಾರೆ ಕಾಶಿ ರಾಮೇಶ್ವರ ಏನೂ ಬೇಕಿರಲಿಲ್ಲ.

ಬಂಗ್ಲೆ ಹಾಳು ಬಿದ್ದಿತ್ತು. ಮೊನ್ನೆ ಮೊನ್ನೆ ಸರ್ಕಾರದವರು ದುರಸ್ತಿ ಮಾಡಿಸಿ, ಗುಡ್ಡಕ್ಕೆಲ್ಲ ತಂತಿ ಬೇಲಿ ಹಾಕಿ, ಉದ್ಯಾನ ಅಂತ ಬೋರ್ಡ್ ಬರಿಸಿದ್ರು. ನನ್ನ ಅಳಿಯ ಸಾಬಣ್ಣ ಕ್ರೂಸರ್ ಗಾಡಿ ಬಾಡಗಿಗೆ ಹೊಡೀತಾನ. ಒಂದಿನ ಉಣ್ಣಾಕ ಕುಂತಾಗ ಅಂದ. "ಅತ್ತೀ, ನಿಮ್ಮ ಬಂಗ್ಲೆ ಒಳಗೂ ಬಿಡಾಕತ್ತಾರ. ನಾಡದು ಬಾಡಗಿ ಇಲ್ಲ, ಅವತ್ತು ಬಿಟ್ಟರ ಮುಂದ ಲಗ್ನದ ಸೀಜನ್, ನನಗ ಪುರಸತ್ತಿಲ್ಲ."

ನಾ ಕೈ ತೊಳದು ನೆಟ್ಟಗ ಬಾಯಾರ ಮನಿಗೆ ಹೋದೆ. ಅಮಾಸಿ ಅಲ್ಲ, ಹುಣ್ಣಿವಿ ಅಲ್ಲ, ಸಂತಿನೂ ಅಲ್ಲ. ಛಲೋ ದಿನ. "ನಾಡದು ಬರ್ತೀರೇನ್ರೀ ಬಾಯಾರ?" ಅಂದೆ. ಬಾಯಾರು ಗ್ವಾಡಿ ಕಡೆ ಒಂದು ಸಲ ನೋಡಿದ್ರು. ಅವರ ಗ್ವಾಡಿಗೆ ಪಂಚಾಂಗದ ಕ್ಯಾಲೆಂಡರ್ ಇತ್ತು. ಆಮ್ಯಾಲೆ ನನ್ನ ಮಾರಿ ನೋಡಿದ್ರು.

"ಬರ್ತೀನಿ. ನಿನ್ನ ಹೊಳಿ ನಾ ನೋಡ್ದಿದ್ರ ಸಾಕ್ಷಿ ಯಾರು?" ಅಂದ್ರು.

ಗ್ವಾಡಿ ಯಾಕ ನೋಡಿದ್ರು ಅಂತ ನಾ ಕೇಳಬೇಕಿತ್ತು. ಹಲ್ಲಿ ಇರಬೇಕು ಅಂದ್ಕೊಂಡೆ.

ಅವತ್ತು ಹೊತ್ತು ಹುಟ್ಟೂಕಿಂತ ಮೊದಲ ಹೊಂಟ್ವಿ. ಸಿರವಾರದಾಗ ಸಾಬಣ್ಣ ಯಾರದೋ ಸಾಮಾನು ಮುಟ್ಟಿಸೂದಿತ್ತು, ಹಂಗಾಗಿ ಸುತ್ತ ಹೊಡದು ಹೋದ್ವಿ. ಅಲ್ಲಿ ಹೋಟೆಲ್ ಮುಂದ ಗಾಡಿ ನಿಲ್ಲಿಸಿ ನಾವಿಬ್ಬರೂ ಒಗ್ಗರಣಿ ಮಂಡಕ್ಕಿ ತಿಂದು ಚಾ ಕುಡದ್ವಿ. ಬಾಯಾರು ಗಾಡ್ಯಾಗನೇ ಕುಂತ್ರು. ಅವರು ಎಂದೂ ಹೋಟೆಲಿನಾಗ ತಿಂದೋರಲ್ಲ, ಅದಕ್ಕ ನನಗೇನೂ ಅನಿಸಲಿಲ್ಲ. ಮಡಿಲಾಗ ಚೀಲ ಇಟ್ಕೊಂಡಿದ್ರು. ಅದರಾಗ ಅವಲಕ್ಕಿ ಗಿವಲಕ್ಕಿ ಕಟ್ಟಿಕೊಂಡು ಬಂದಾರ, ಗುಡ್ಡದ ಮ್ಯಾಲೆ ತಿಂತಾರ ಅಂದ್ಕೊಂಡೆ. ದಾರ್ಯುದ್ದಕ್ಕೂ ಮಾತೇ ಮಾತು. ಗದ್ದಿ ನೋಡಿ "ಇಷ್ಟು ಹಸುರು ಇದ್ರೂ ಈ ಊರಾಗ ಸೊಳ್ಳಿ ಬಿಟ್ರ ಬ್ಯಾರೆ ಪಕ್ಷಿ ಇಲ್ಲ ನೋಡು" ಅಂತ ಸಾಬಣ್ಣನ ನಗಿಸಾಕತ್ತಿದ್ರು.

ಗುಡ್ಡದ ಮ್ಯಾಲೆ ಗೇಟ್‌ತನ ಗಾಡಿ ಹೋಗ್ತದ. ಅಲ್ಲಿಂದ ನಡೀಬೇಕು. ಸಾಬಣ್ಣ "ನಾ ಗಾಡ್ಯಾಗ ಒಂದು ನಿದ್ದಿ ಹೊಡೀತೀನಿ, ಹೋಗಿ ಬರ್ರಿ" ಅಂದ. ನಾವಿಬ್ಬರು ಮೂರು ಕಾಲಿನ ಕುರಿ ಹಂಗ ಹೊಂಟ್ವಿ. ಒಂದು ಕಾಲು ನಂದು ಕೆಲಸ ಮಾಡಂಗಿಲ್ಲ.

ನಮ್ಮವ್ವ ಕೊಡ ಹೊತ್ತ ದಾರಿಗೆ ಈಗ ಕಲ್ಲು ಹಾಸ್ಯಾರ. ಎರಡೂ ಕಡೆ ಹೂವಿನ ಗಿಡ. ಅಲ್ಲೊಂದು ಸಿಮೆಂಟಿನ ಜಿಂಕಿ, ಅದರ ಒಂದು ಕೋಡು ಯಾರೋ ಮುರದಾರ. ಜೀವ ಇದ್ದ ಮಂಗ್ಯಾ ಒಂದು ಆ ಜಿಂಕಿ ಮ್ಯಾಲೆ ಕುಂತು ಶೇಂಗಾ ತಿನ್ನಾಕತ್ತಿತ್ತು. ಬೋರ್ಡ್ ಬಂದಲ್ಲೆಲ್ಲ ಬಾಯಾರು "ಏನು ಬರದಾರ ಓದು" ಅಂತಿದ್ರು. ಮೊದಲಾದ್ರ ಪರೀಕ್ಷಾ ಮಾಡಾಕ ಓದಸ್ತಿದ್ರು. ಈಗ ಅವರ ಕಣ್ಣಿಗೆ ಪರದಿ ಬಂದದ, ನಾಕು ಮಾರು ಆಚಿಂದು ಏನೂ ತಿಳಿಯಂಗಿಲ್ಲ. ಆಪರೇಶನ್ ಮಾಡಿಸ್ರೆಪಾ ಅಂದ್ರ "ಮುದುಕರು ಮಾಡಸ್ತಾರ ಅದನ್ನ" ಅಂತಾರ. ನನಗಿಂತ ಒಂದೆರಡು ವರ್ಷ ದೊಡ್ಡೋರೇ. ನಾ ಓದಿದೆ, "ಪ್ಲಾ-ಸ್ಟಿ-ಕ್ ನಿ-ಷೇ-ಧ." ಆ ಬೋರ್ಡಿನ ಬುಡಕ್ಕ ಪ್ಲಾಸ್ಟಿಕ್ ಚೀಲದ ಗುಡ್ಡೇ ಇತ್ತು. ಓದಾಕ ಬರಲಾರದೋರು ನಾ ಒಬ್ಬಾಕೇ ಅಲ್ಲ ಅಂತ ಸಮಾಧಾನ ಆತು.

ಬಂಗ್ಲೆ ಮುಂದ ಹೋಗಿ ನಿಂತ್ವಿ. ಸುಣ್ಣ ಹೊಡದಾರ, ಕಟ್ಟಿಗಿ ಕಂಬಕ್ಕ ಎಣ್ಣಿ ಹಚ್ಚ್ಯಾರ. ನೋಡಿಕೊಳ್ಳಾಕಿ ಕಾಸಿಂಬಿ ಅಂತ, ನಡುಹರೇದಾಕಿ, ಕೀಲಿ ಗೊಂಚಲಾ ಸೊಂಟಕ್ಕ ಸಿಗಿಸಿಕೊಂಡು ಬಂದ್ಲು.

"ಬರ್ರಿ ಅಮ್ಮಾ. ಲಗೂನ ನೋಡ್ಕೊಂಡು ಇಳೀರಿ. ಮಧ್ಯಾಹ್ನ ದೊಡ್ಡ ಸಾಹೇಬರು ಊಟಕ್ಕ ಬರ್ತಾರ, ಮ್ಯಾಲಿನ ಖೋಲಿ ಅವರಿಗೆ ಬೇಕು" ಅಂದ್ಲು.

ನೋಡ್ರಿ, ಕಾಲ ಎಷ್ಟು ಬದಲಾದ್ರೂ ಆ ಖೋಲಿಗೆ ಸಾಹೇಬರು ಬರೂದು ತಪ್ಪಿಲ್ಲ.

ನಾ ಒಂದು ಪಾವಟಿಗಿ ಹತ್ತೀನಿ, ಹಿಂದ ಧಪ್ ಅಂತ ಸಪ್ಪಳಾತು. ತಿರುಗಿ ನೋಡಿದ್ರ ಬಾಯಾರು ವರಾಂಡದ ಕಟ್ಟಿ ಮ್ಯಾಲೆ ಕುಂತಬಿಟ್ಟಾರ. ಮಾರಿ ಬೆಳ್ಳಗ. ಬೆವರು ಅಂದ್ರ ಬೆವರು, ಕುಪ್ಪಸ ತೊಯ್ದು ಹೋಗ್ಯದ. ಕೈ ನಡುಗಾಕತ್ತಾವ.

"ಏನಾತ್ರೀ?"

"ಏನಿಲ್ಲ. ತಲಿ ಸ್ವಲ್ಪ ತಿರುಗ್ಲಿಕ್ಕತ್ತದ. ನೀ ಹೋಗಿ ನೋಡ್ಕೊಂಡು ಬಾ, ನಾ ಇಲ್ಲೇ ಕೂತಿರ್ತೀನಿ."

ಬಾಯಾರಿಗೆ ಸಕ್ಕರಿ ಬ್ಯಾನಿ ಅದ. ನಾ ಅವರ ಚೀಲ ಕಸಗೊಂಡು ಬಿಚ್ಚಿದೆ, ತಿನ್ನಾಕ ಏನರೆ ಕೊಡೂನಂತ. ಚೀಲದಾಗ ಒಂದು ಶಾಲು, ಒಂದು ಜಪದ ಮಣಿ. ಅಷ್ಟೇ. ಒಂದು ಕಾಳು ಅವಲಕ್ಕಿ ಇಲ್ಲ, ಒಂದು ಬಾಟ್ಲಿ ನೀರಿಲ್ಲ.

"ಬುತ್ತಿ ಎಲ್ರೀ?"

ಬಾಯಾರು ಮಾರಿ ತಿರುಗಿಸಿದ್ರು. "ಇವತ್ತು ಏಕಾದಶಿ."

ಅವರ ಏಕಾದಶಿ ಎಂಥದಂತ ನನಗ ಗೊತ್ತು. ಹಣ್ಣು ಹಾಲು ತಿಂದು ಮಾಡೂ ಉಪವಾಸ ಅಲ್ಲ ಅದು. ಹನಿ ನೀರೂ ಇಲ್ಲ.

"ಗುಳಿಗಿ?"

"ಅದನ್ನ ಬಿಡೂ ಹಂಗಿಲ್ಲಂತ ಡಾಕ್ಟರ್ ಹೇಳ್ಯಾರ. ತೀರ್ಥದಾಗ ನುಂಗೀನಿ."

ಒಂದು ಚಮಚಾ ತೀರ್ಥ, ಅದರಾಗ ಸಕ್ಕರಿ ಇಳಿಸೂ ಗುಳಿಗಿ, ಹೊಟ್ಟ್ಯಾಗ ಏನೂ ಇಲ್ಲ, ಮ್ಯಾಲೆ ಬಿಸಲಾಗ ಗುಡ್ಡ. ನಮ್ಮ ಓಣ್ಯಾಗ ಹಿಂಗ ಒಬ್ಬಾಂವ ಬಿದ್ದದ್ದನ್ನ ನಾ ಕಣ್ಣಾರೆ ನೋಡೀನಿ. ನನಗ ಸಿಟ್ಟು ಬಂತು. ಹೆದರಿಕಿ ಆದಾಗ ನನಗ ಸಿಟ್ಟೇ ಬರೂದು.

"ಅವತ್ತು ನಾ ಕೇಳಾಕ ಬಂದಾಗ ಬಾಯಿಗೇನಾಗಿತ್ರೀ? ಏಕಾದಶಿ ಅಂದಿದ್ರ ಇನ್ನೊಂದಿನ ಬರ್ತಿದ್ವಿ."

"ಇನ್ನೊಂದಿನ ಸಾಬಣ್ಣಗ ಗಾಡಿ ಬಿಡುವಿರಲಿಲ್ಲ. ಇನ್ನೊಂದಿನ ನಿನ್ನ ಮೊಣಕಾಲು ಇರ್ತಾವಂತ ಯಾರು ಬರಕೊಟ್ಟಾರ?"

ಕಾಸಿಂಬಿ ಛಲೋ ಹೆಣಮಗಳು. ಓಡಿಹೋಗಿ, ಚಾಕ್ಕಂತ ಕಾಸಿಟ್ಟ ಹಾಲಿಗೆ ಎರಡು ಮುಷ್ಟಿ ಸಕ್ಕರಿ ಹಾಕಿ ತಂದ್ಲು. ತಂದ ಮ್ಯಾಲೆ ಆಕೀಗೇ ಅನುಮಾನ ಬಂದು "ಅಮ್ಮಾ, ನಮ್ಮ ಮನಿ ಲೋಟ..." ಅಂದ್ಲು.

"ಹಾಲಿಗೆ ಮೈಲಿಗಿ ಇಲ್ಲವಾ. ನಿನ್ನ ಲೋಟದ ಮ್ಯಾಲೆ ನನ್ನ ತಕರಾರಿಲ್ಲ. ತಕರಾರು ದಿನದ್ದು" ಅಂದ್ರು ಬಾಯಾರು. ಮಾತು ತೊದಲಾಕತ್ತಿದ್ವು.

"ಕುಡೀರಿ. ನಾವ್ಯಾರೂ ಹೇಳಂಗಿಲ್ಲ."

"ಮ್ಯಾಲಿದ್ದಾಂವಗೆ ನೀ ಹೇಳಬೇಕೇನು? ಏಕಾದಶಿ ದಿವಸ ಸುಳ್ಳೊಂದು ಕಲಿಸ್ಲಿಕ್ಕೆ ಬಂದಿ ನನಗ."

"ಸಣ್ಣ ಹುಡುಗರಿಗೆ, ಬ್ಯಾನಿ ಇದ್ದೋರಿಗೆ, ಮುದುಕರಿಗೆ ಏಕಾದಶಿ ಮಾಫಿ ಅಂತ ನೀವೇ ಹೇಳೀರಿ ನನಗ."

"ಹೇಳೀನಿ. ಅದಕ್ಕೇನೀಗ?"

"ನೀವು ಯಾವ ಲೆಕ್ಕಕ್ಕ ಬರ್ತೀರಿ?"

"ಯಾವ ಲೆಕ್ಕಕ್ಕೂ ಬರೂದಿಲ್ಲ. ನನಗೇನು ಬ್ಯಾನಿ? ಗುಳಿಗಿ ತಗೊಂಡೀನಲ್ಲ. ಮುದುಕಿ ನೀನು."

ಕೈ ನಡುಗಾಕತ್ತಾವ, ಕಣ್ಣು ತೇಲಾಕತ್ತಾವ, ಮುದುಕಿ ನಾನಂತ! ಆಗ ನನ್ನ ಬಾಯಿಂದ ಮಾತು ಹಾರಿಹೋತು. "ಕುಡಿ ಬೇ!" ಅಂದುಬಿಟ್ಟೆ. ಸಾಲಿ ಕಲಿಸಿದ ಬಾಯಾರಿಗೆ, ಇಷ್ಟು ವರ್ಷ 'ರೀ' ಬಿಟ್ಟು ಮಾತಾಡಲಾರದಾಕಿ ನಾ. ಕಾಸಿಂಬಿ ಬಾಯಿ ಮ್ಯಾಲೆ ಕೈ ಇಟ್ಟುಕೊಂಡ್ಲು. ಬಾಯಾರು ತುಟಿ ಮತ್ತಷ್ಟು ಬಿಗಿ ಹಿಡದ್ರು. ಬೈದ್ರ ಕೇಳೂ ಜಾತಿ ಅಲ್ಲ ಅದು.

ನಾ ಅವರ ಬಾಜೂಕ ಕುಂತೆ. ಮ್ಯಾಲಿನ ಖೋಲಿ ಕಿಡಕಿ ನನ್ನ ನೆತ್ತಿ ಮ್ಯಾಲೇ ಇತ್ತು. ನಾಕು ಪಾ‌ವಟಿಗಿ ಹತ್ತಿದ್ರ ನಮ್ಮವ್ವನ ಮಾತು ಖರೇನೋ ಸುಳ್ಳೋ ತಿಳೀತಿತ್ತು. ಆದರ ಕುರಿ ಹಿಂಡಿನಾಗ ಒಂದು ಕುರಿ ಕುಸದು ಕುಂತ್ರ, ಮುಂದ ಎಂಥಾ ಹುಲ್ಲಿನ ಮಡ್ಡಿ ಇರಲಿ, ಕುರುಬ ಅಲ್ಲೇ ನಿಲ್ಲತಾನ. ಅದನ್ನ ಯಾರೂ ಕಲಿಸಬೇಕಿಲ್ಲ ನಮಗ.

"ಕಾಸಿಂಬಿ, ನೀ ಗೇಟಿಗೆ ಹೋಗಿ ನನ್ನ ಅಳಿಯನ ಎಬ್ಬಿಸಿ ಕರಕೊಂಡು ಬಾರವ್ವ. ಇವರನ್ನ ಎತ್ತಿಕೊಂಡು ದೇವದುರ್ಗ ದವಾಖಾನಿಗೆ ಹೋಗತೀವಿ. ಮ್ಯಾಲಿನ ಖೋಲಿ ಕೀಲಿ ಹಾಕಿಬಿಡು. ನಾ ನೋಡಂಗಿಲ್ಲ" ಅಂದೆ.

ಹೆದರಸಾಕ ಅಂದಿದ್ದಲ್ಲ. ಖರೇನೇ ಹೋಗೂದಂತ ಮಾಡಿದ್ದೆ. ಅವ್ವ ಇಷ್ಟು ವರ್ಷ ಸುಳ್ಳಿ ಆಗಿದ್ದಾಕಿ, ಇನ್ನ ಮುಂದನೂ ಇರಲಿ. ಸತ್ತೋಳಿಗೆ ಹೆಸರು ಹೋದ್ರೇನು ಉಳದ್ರೇನು. ಬದುಕಿದಾಕಿ ಮೊದಲು ಉಳೀಲಿ.

ಬಾಯಾರು ಕಣ್ಣು ತೆರದ್ರು. "ನೋಡಂಗಿಲ್ಲ ಅಂದ್ರ?"

"ನೋಡಂಗಿಲ್ಲ."

"ಮತ್ತ ನಾ ಯಾಕ ಬಂದೀನಿ ಇಲ್ಲಿಗೆ? ಸಿಮೆಂಟಿನ ಜಿಂಕಿ ನೋಡ್ಲಿಕ್ಕೇನು?"

ಕಾಸಿಂಬಿ ಚಪ್ಪಲಿ ಮೆಟ್ಟಿಕೊಳ್ಳಾಕ ಹತ್ತಿದ್ಲು. ಬಾಯಾರು ಒಮ್ಮೆ ಆಕೀನ ನೋಡಿದ್ರು, ಒಮ್ಮೆ ಮ್ಯಾಲೆ ನೋಡಿದ್ರು, ಬಂಗ್ಲೇನೋ ಆಕಾಶನೋ ಅವರಿಗೇ ಗೊತ್ತು. ತುಟಿಯೊಳಗ ಏನೋ ಅಂದ್ಕೊಂಡ್ರು. ಆಮ್ಯಾಲೆ ಕೈ ಚಾಚಿದ್ರು.

"ಕೊಡು ಇಲ್ಲಿ. ಮುದುಕಿ ಅಂತನೇ ತಿಳ್ಕೋ ಹೋಗು."

ಲೋಟ ಹಿಡಿಯಾಕ ಬರಲಿಲ್ಲ ಅವರಿಗೆ. ನಾನೇ ತುಟಿಗೆ ಹಿಡದೆ. ಎಳೀ ಕುರಿಮರಿಗೆ ಬಾಟ್ಲಿ ಹಿಡದು ರೂಢಿ ಇದ್ದ ಕೈ, ಒಂದು ಹನಿ ಚೆಲ್ಲಲಿಲ್ಲ. ಕುಡದು ಕಣ್ಣು ಮುಚ್ಚಿ ಕಂಬಕ್ಕ ಒರಗಿದ್ರು. ನಾ ಅವರ ಅಂಗೈ ತಿಕ್ಕಿದೆ. ಅರ್ಧ ತಾಸಿನಾಗ ಮಾರಿಗೆ ಬಣ್ಣ ಬಂತು, ಮಾತಿಗೆ ಖಾರ ಬಂತು.

"ಎಷ್ಟು ಸಕ್ಕರಿ ಹಾಕೀಯವಾ, ಗಂಟಲಾ ಅಂಟಾಗ್ಯದ" ಅಂತ ಕಾಸಿಂಬಿಗೆ, "ಏನಂದಿ ನನಗ ಆಗಳೆ? ಬೇ ಅಂದ್ಯೇನು?" ಅಂತ ನನಗ.

"ಅಂದೀನ್ರೀ."

"ಅನ್ನು. ಚಂದ ಕೇಳಸ್ತದ. ನಮ್ಮವ್ವ ಹೋದ ಮ್ಯಾಲೆ ಯಾರೂ ಅಂದಿರಲಿಲ್ಲ."

ಇನ್ನ ಮ್ಯಾಲೆ ಹತ್ತೂದು ಬ್ಯಾಡ ಅಂದ್ರ ಕೇಳಲಿಲ್ಲ. ಕಾಸಿಂಬಿ ಒಂದು ರಟ್ಟಿ, ನಾ ಒಂದು ರಟ್ಟಿ ಹಿಡದು, ಕುಂತು ಎದ್ದು ಕುಂತು ಎದ್ದು ಮಾಳಗಿ ಹತ್ತಿಸಿದ್ವಿ.

ಖೋಲಿ ಅಂಥಾದ್ದೇನೂ ಇರಲಿಲ್ಲ. ನಮ್ಮವ್ವ ಎಷ್ಟು ದೊಡ್ಡದಂತ ಅಂದ್ಕೊಂಡಿದ್ಲೋ ಪಾಪ. ಒಂದು ಮಂಚ, ಒಂದು ಆರಾಮ ಕುರ್ಚಿ, ಗ್ವಾಡಿ ಮ್ಯಾಲೆ ಒಂದು ಸತ್ತ ಜಿಂಕಿ ತಲಿ. ಕಿಡಕಿ ಮಾತ್ರ ಖರೇನೇ ಚಂದ ಇತ್ತು. ಗ್ವಾಡಿಯಿಂದ ಹೊರಗ ಚಾಚಿ, ಮೂರೂ ಕಡೆ ಗಾಜು. ಕಾಸಿಂಬಿ ಚಿಲಕಾ ತಗದು ಕಿಡಕಿ ಬಾಗಲಾ ನೂಕಿದ್ಲು. ಗಾಳಿ ಬಂತು ನೋಡ್ರಿ. ಅವ್ವ ಹೇಳಿದ ಗಾಳಿ. ಅದೊಂದು ಮಾತು ಅಲ್ಲೇ ಖರೇ ಆತು.

ನಾ ಮೊದಲು ಎಡಕ್ಕ ನೋಡಿದೆ. ಬಂಡಿಗಲ್ಲು ದಾಟಿ, ಕುರುಚಲ ಕಾಡು ದಾಟಿ, ಹೊಲ ದಾಟಿ, ದೂರ ಅಂದ್ರ ದೂರ, ಬೆಳ್ಳನ್ನ ಗೆರಿ. ಹೊಳಿಯಾಕತ್ತದ. ಕೃಷ್ಣಾ! ಕುರಿಗೆ ನೀರು ಕುಡಿಸಿದ ಹೊಳಿ, ಅದರ ಗುರ್ತು ನನಗ ತಪ್ಪಂಗಿಲ್ಲ. ಒಂದು ಹೊಳಿ ಆತು.

ಬಲಕ್ಕ ತಿರುಗಿದೆ. ಹೊಲ. ಮತ್ತ ಹೊಲ. ಒಂದು ಮೊಬೈಲ್ ಟವರ್. ಅದರಾಚಿ ಬಿಸಿಲಿನ ಮಬ್ಬು, ಬೂದಿ ಕಲಿಸಿದ ನೀರಿನಂಗ. ಅದರಾಚಿ ಏನೂ ಇಲ್ಲ. ಕಣ್ಣು ಸಣ್ಣ ಮಾಡಿದೆ, ಕೈ ಅಡ್ಡ ಹಿಡದೆ, ಕಿಡಕಿ ಕಟ್ಟಿಗಿ ಹಿಡದು ಹೊರಗ ಬಾಗಿದೆ. ಕಾಸಿಂಬಿ ನನ್ನ ಸೆರಗು ಹಿಡಕೊಂಡ್ಲು. ನನ್ನ ಕಣ್ಣು ಈ ವಯಸ್ಸಿನಾಗೂ ಗಟ್ಟಿ. ಮಡ್ಡಿ ಮ್ಯಾಲಿನ ತೋಳ ಮೊದಲು ನನಗ ಕಾಣತಿತ್ತು. ತುಂಗಭದ್ರಾ ಎಲ್ಲಿದ್ದಾಳು ಅಲ್ಲಿ? ಮಾನ್ವಿ ದಾಟಿ ಇನ್ನಾ ಎಷ್ಟೋ ಹೋಗಬೇಕು. ಬಸ್ಸಿನಾಗ ಹೋಗಿ ನೋಡಿದಾಕಿ ನಾ, ಗೊತ್ತಿದ್ದೂ ಆಸೆ ಮಾಡಿದ್ದೆ. ಖಾನಸಾಮಾ ಒಂದು ಹೊಳಿ ನೋಡ್ಯಾನ, ಇನ್ನೊಂದು ಮಾತಿಗೆ ಕೂಡಿಸ್ಯಾನ. ನಮ್ಮವ್ವ ಆ ಕೂಡಿಸಿದ ಹೊಳಿ ಹೊತ್ತು ಜೀವಮಾನ ನಡದಾಳ.

ನಾ ತಿರುಗಿ ಬಾಯಾರ ಮಾರಿ ನೋಡಲಿಲ್ಲ. ನನ್ನ ಮಾರಿ ಅವರಿಗೆ ಕಾಣಬಾರದಿತ್ತು. ಆದರ ಬಾಯಾರು ಮೆಲ್ಲಕ ಬಂದು ನನ್ನ ಬಾಜೂಕ ನಿಂತ್ರು. ಪರದಿ ಬಂದ ಕಣ್ಣು ಅಗಲ ಮಾಡಿ, ಎಡಕ್ಕ ನೋಡಿದ್ರು, ಬಲಕ್ಕ ನೋಡಿದ್ರು. ಆ ಕಣ್ಣಿಗೆ ಟವರೂ ಕಂಡಿರಂಗಿಲ್ಲ ಅಂತ ನನಗ ಗೊತ್ತು. ಬೊಟ್ಟು ಎತ್ತಿ, ಸಾಲಿ ಹುಡುಗರಿಗೆ ಹಲಗಿ ತೋರಿಸಿದಂಗ ತೋರಿಸಿದ್ರು.

"ಅಲ್ಲಿ ನೋಡು ಮಾಳವ್ವ. ಆ ಮಬ್ಬಿನ ಕೆಳಗ, ದಾರದಂಗ. ಕಾಣ್ಲಿಕ್ಕತ್ತದಲ್ಲ, ತುಂಗಭದ್ರಾ. ನಿಮ್ಮವ್ವ ಹೇಳಿದ್ದು ಖರೇ ಅದ."

ಜೀವಕ್ಕ ಬಂದ್ರೂ ಒಂದು ಲೋಟ ಹಾಲಿಗೆ ಅಷ್ಟು ಹೊತ್ತು ಬಾಯಿ ಬಿಡಲಾರದಾಕಿ, ಏಕಾದಶಿ ದಿನ ಸುಳ್ಳಾಡಾಕ ಒಂದು ಉಸುರೂ ತಡ ಮಾಡಲಿಲ್ಲ.

ನನಗ ಎಂದೂ ಯಾರಿಗೂ ಉಪಕಾರ ಆತು ಅಂತ ಹೇಳಿ ರೂಢಿ ಇಲ್ಲ. "ಹೌದ್ರೀ ಬಾಯಾರ, ಕಾಣಾಕತ್ತದ" ಅಂದೆ.

ಹಿಂದ ನಿಂತ ಕಾಸಿಂಬಿ ನಮ್ಮಿಬ್ಬರ ನಡುವ ತಲಿ ತೂರಿಸಿ, ಹುಬ್ಬು ಗಂಟು ಹಾಕಿ ನೋಡಿದ್ಲು. "ಎಲ್ಲಿ ಅಮ್ಮಾ? ದಿನಾ ಈ ಕಿಡಕಿ ಒರಸ್ತೀನಿ, ನನಗೆಂದೂ ಕಂಡಿಲ್ಲಲ್ಲ?"

"ನಿನಗ ಕಾಣಂಗಿಲ್ಲವ್ವ" ಅಂದೆ. "ಅದು ಮುದುಕರಿಗೆ ಮಾತ್ರ ಕಾಣ್ತದ."

ಬಾಯಾರು ತಕರಾರು ಮಾಡಲಿಲ್ಲ.